ಮನೆಯ ಯಂತ್ರಗಳೂ ರಿಪೇರಿಯ ವ್ಯವಹಾರವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರ ಅಡಿಗೆಮನೆಯಲ್ಲಿ ಮಿಕ್ಸಿ ಇರಲಿಲ್ಲ. ಇದ್ದಿದ್ದರೆ, ರಿಪೇರಿ ಮಾಡಿಸಿ ನೋಡು ಎಂದು ಮೂರನೆಯ ಮಾತೊಂದನ್ನು ಸೇರಿಸುತ್ತಿದ್ದರೋ ಏನೋ. ಇಂದು ಪಟ್ಟಣದ ಸಾಧಾರಣ ಸಂಸಾರವೊಂದರ ಯಂತ್ರಗಳನ್ನು ಎಣಿಸಿ ನೋಡಿ: ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಗ್ರೈಂಡರು, ಗೀಸರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಕುಡಿಯುವ ನೀರು ಸೋಸುವ ಪೆಟ್ಟಿಗೆ. ಇವುಗಳಲ್ಲಿ ಒಂದಲ್ಲ ಒಂದು ಆಗಾಗ ಕೈಕೊಡುವುದು ಸಹಜ. ಅದೂ ನೆಂಟರು ಬರುವ ದಿನವೇ, ಹಬ್ಬದ ಹಿಂದಿನ ಸಂಜೆಯೇ ಕೈಕೊಡುವುದು ಯಂತ್ರಗಳ ಸ್ವಭಾವವೆಂದು ಕಾಣುತ್ತದೆ. ಆ ಅವಸರದಲ್ಲಿ ನಾವು ಯಾರನ್ನೋ ಕರೆಸುತ್ತೇವೆ. ಅವನು ಕೇಳಿದಷ್ಟು ಕೊಡುತ್ತೇವೆ. ಆಮೇಲೆ ವಾರವೆಲ್ಲ ಗೊಣಗುತ್ತೇವೆ. ಹೀಗಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತು.

ಹಿಂದೆ ರಿಪೇರಿ ಇರಲಿಲ್ಲವೆಂದಲ್ಲ. ಒರಳುಕಲ್ಲು ನುಣುಪಾದರೆ ಉಳಿ ಸುತ್ತಿಗೆ ಹಿಡಿದು ಅದಕ್ಕೆ ಕಚ್ಚು ಹಾಕಿಕೊಡುವವನು ಬರುತ್ತಿದ್ದ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ಬೀದಿಯ ಮರದ ಕೆಳಗೆ ತಿದಿ ಹೂಡಿ ಕೂಡುತ್ತಿದ್ದ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ, ಬಟ್ಟೆಯಿಂದ ತಿಕ್ಕಿದರೆ ಪಾತ್ರೆಯ ಒಳಗೆ ಬೆಳ್ಳಿಯಂತೆ ಹೊಳಪು. ತವರ ಕಡಮೆ ಹಾಕಿದರೆ ಅಲ್ಲೇ ನಿಂತ ಅಜ್ಜಿ, “ಇಲ್ಲಿ ನೋಡಪ್ಪಾ, ಅಂಚಿನಲ್ಲಿ ಕೆಂಪು ಕಾಣುತ್ತಿದೆ” ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ವಾಲ್ವಿನ ರೇಡಿಯೋ ಇದ್ದ ಕಾಲದಲ್ಲೂ ಅಷ್ಟೆ. ಹಿಂಬದಿಯ ರಟ್ಟಿನ ಕಿಂಡಿಯಿಂದ ಇಣುಕಿದರೆ ಯಾವ ವಾಲ್ವು ಉರಿಯುತ್ತಿಲ್ಲವೆಂಬುದು ಮನೆಯ ಹುಡುಗನಿಗೂ ತಿಳಿಯುತ್ತಿತ್ತು. ಕೆಲಸ ಕಣ್ಣೆದುರಿನಲ್ಲಿ ನಡೆಯುತ್ತಿದ್ದುದರಿಂದ ಮೋಸಕ್ಕೆ ಎಡೆ ಕಡಮೆ. ಈಗಿನ ಯಂತ್ರಗಳಾದರೋ ಮುಚ್ಚಿದ ಪೆಟ್ಟಿಗೆಗಳು. ದೋಷವೇನೆಂದು ಹೇಳುವವನೂ ಅವನೇ, ಅದಕ್ಕೆ ಬೆಲೆ ಕಟ್ಟುವವನೂ ಅವನೇ, ಸರಿಯಾಯಿತೆಂದು ಸಾಕ್ಷಿ ನುಡಿಯುವವನೂ ಅವನೇ. ಒಬ್ಬನಿಗೇ ಮೂರು ಅಧಿಕಾರಗಳನ್ನು ಕೊಟ್ಟರೆ ದೇವಮಾನವನಾದರೂ ಒಮ್ಮೊಮ್ಮೆ ಜಾರಿಯಾನು.

ಹಾಗೆಂದು ಮನೆಯವರೆಲ್ಲರೂ ಎಂಜಿನಿಯರುಗಳಾಗಬೇಕೆಂದು ನಾನು ಹೇಳುವುದಿಲ್ಲ. ಸ್ಕ್ರೂಡ್ರೈವರು ಹಿಡಿದು ಪೆಟ್ಟಿಗೆ ಬಿಚ್ಚಿರೆಂದೂ ಹೇಳುವುದಿಲ್ಲ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟಿನದು, ಅದರೊಡನೆ ಆಟವಾಡಬಾರದು. ಆದರೆ ವೈದ್ಯಶಾಸ್ತ್ರ ಓದದ ತಾಯಿಗೂ ಮಗುವಿನ ನೆಗಡಿಗೂ ಜ್ವರಕ್ಕೂ ಇರುವ ಭೇದ ತಿಳಿದಿರುವುದಿಲ್ಲವೆ? ಯಂತ್ರಗಳ ವಿಷಯದಲ್ಲಿಯೂ ಅಷ್ಟು ತಿಳಿವಳಿಕೆ ಇದ್ದರೆ ಸಾಕು. ನಾಲ್ಕು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲು ಮಿಕ್ಸಿ. ಗಟ್ಟಿಯಾದ ಚಟ್ನಿ ರುಬ್ಬುತ್ತಿರುವಾಗ ಅದು ಥಟ್ಟನೆ ನಿಂತುಹೋಗುತ್ತದೆ. ಅಂಗಡಿಗೆ ಒಯ್ದರೆ, “ಅಮ್ಮಾ, ಮೋಟಾರು ಸುಟ್ಟುಹೋಗಿದೆ” ಎಂಬ ತೀರ್ಪು ಬರುವುದುಂಟು. ಅಂಗಡಿಗೆ ಒಯ್ಯುವ ಮೊದಲು ಒಂದು ಕೆಲಸ ಮಾಡಿ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಜಾರನ್ನು ತೆಗೆದಿಟ್ಟು, ಮಿಕ್ಸಿಯ ತಳವನ್ನು ನೋಡಿ. ಬಹುಪಾಲು ಮಿಕ್ಸಿಗಳಿಗೆ ಅಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ತಾನಾಗಿಯೇ ಕರೆಂಟನ್ನು ಕಡಿಯುವ ಕಾವಲುಗಾರ ಅದು. ಕೆಲವು ನಿಮಿಷ ಆರಲು ಬಿಟ್ಟು ಗುಂಡಿಯನ್ನು ಒತ್ತಿದರೆ ಎಷ್ಟೋ ಮಿಕ್ಸಿಗಳು ಮತ್ತೆ ತಿರುಗುತ್ತವೆ. ಇನ್ನು, ಮೋಟಾರಿನ ಸದ್ದು ಚೆನ್ನಾಗಿಯೇ ಇದ್ದು ಜಾರಿನ ಬ್ಲೇಡು ಮಾತ್ರ ತಿರುಗದಿದ್ದರೆ ದೋಷ ಮೋಟಾರಿನಲ್ಲಿಲ್ಲ. ಜಾರನ್ನೂ ಮೋಟಾರನ್ನೂ ಕೂಡಿಸುವ ಕಪ್ಲರ್ ಎಂಬ ಹಲ್ಲಿನ ಬಿಲ್ಲೆ ಸವೆದಿದೆ. ಒಳಗೆ ಕಿಡಿ ಹೆಚ್ಚಾಗಿ ಕಾಣುತ್ತಿದ್ದು, ಓಟ ತಡೆತಡೆದು ಸಾಗುತ್ತಿದ್ದರೆ ಕಾರ್ಬನ್ ಬ್ರಶ್ಶು ತೀರಿರುವುದು ಸಂಭವ. ಪೆನ್ಸಿಲಿನ ತುಂಡಿನಂತಿರುವ ಈ ಇದ್ದಿಲಿನ ಕಡ್ಡಿಗಳು ಸವೆಯುವುದಕ್ಕೆಂದೇ ಇರುವಂಥವು. ಕಪ್ಲರಾಗಲಿ ಬ್ರಶ್ಶಾಗಲಿ ದೊಡ್ಡ ವೆಚ್ಚದ ಮಾತಲ್ಲ. ಮೋಟಾರು ಸುಡುವುದೂ ಉಂಟು. ಆದರೆ ಆಗ ಸುಟ್ಟ ವಾಸನೆ ಅಡಿಗೆಮನೆಯನ್ನೆಲ್ಲ ತುಂಬಿರುತ್ತದೆ, ನಿಮ್ಮ ಮೂಗೇ ಅದಕ್ಕೆ ಸಾಕ್ಷಿ.

ಎರಡನೆಯದು ಸೀಲಿಂಗ್ ಫ್ಯಾನು. ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿದರೂ ಫ್ಯಾನು ಮುದುಕನಂತೆ ಮೆಲ್ಲಗೆ ಸುತ್ತುತ್ತದೆ. ಇಲ್ಲವೆ ಗುಂಯ್ ಎನ್ನುತ್ತದೆಯೇ ಹೊರತು ಹೊರಡುವುದಿಲ್ಲ. “ವೈಂಡಿಂಗ್ ಹೋಗಿದೆ ಸ್ವಾಮಿ, ಪೂರ್ತಿ ಹೊಸ ತಂತಿ ಸುತ್ತಬೇಕು” ಎಂದು ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: “ಕೆಪಾಸಿಟರ್ ನೋಡಿದೆಯೇನಪ್ಪಾ?” ಹಳೆಯ ಮಾದರಿಯ ಫ್ಯಾನಿನಲ್ಲಿ ಮೋಟಾರಿಗೆ ಹೊರಡುವ ನೂಕನ್ನು ಕೊಡುವುದು ಈ ಪುಟ್ಟ ಡಬ್ಬಿ. ಸಾಮಾನ್ಯವಾಗಿ ಅದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಫ್ಯಾನಿನ ವೇಗವೂ ಕುಂದುತ್ತದೆ. ಅದೇ ಅಳತೆಯ ಹೊಸದನ್ನು ಹಾಕಿದರೆ ಫ್ಯಾನಿಗೆ ಮತ್ತೆ ಯೌವನ. ಬೆಲೆ ನೂರು ರೂಪಾಯಿಯೊಳಗೇ. ವೈಂಡಿಂಗಿಗಾದರೆ ಹಲವು ನೂರು. ಒಂದು ಪ್ರಶ್ನೆಯ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಈಚಿನ ಬಿ.ಎಲ್.ಡಿ.ಸಿ. ಫ್ಯಾನುಗಳಲ್ಲಿ ಮಾತ್ರ ಇಂಥ ಡಬ್ಬಿ ಇರುವುದಿಲ್ಲ. ಅವನ್ನು ಓಡಿಸುವುದು ಒಳಗಿರುವ ಎಲೆಕ್ಟ್ರಾನಿಕ್ ಬೋರ್ಡು.

ಮೂರನೆಯದು ಫ್ರಿಜ್ಜು. ಇದರ ವಿಷಯದಲ್ಲಿ ಬಳಕೆಯಾಗುವ ಮಂತ್ರ ಒಂದೇ: “ಗ್ಯಾಸು ಮುಗಿದಿದೆ.” ಈ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ. ಫ್ರಿಜ್ಜಿನ ಗ್ಯಾಸು ಸೀಮೆಎಣ್ಣೆಯಂತೆ ಉರಿದು ಮುಗಿಯುವ ಪದಾರ್ಥವಲ್ಲ. ನಮ್ಮ ಮೈಯ ರಕ್ತದಂತೆ ಅದು ಬೆಸುಗೆ ಹಾಕಿದ ಕೊಳವೆಗಳ ಒಳಗೇ ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಹಿಂಬದಿಯ ಕೊಳವೆಯಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ, ಒಳಗೆ ಆವಿಯಾಗುತ್ತ ಶಾಖವನ್ನು ಹೀರುತ್ತದೆ, ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಇಪ್ಪತ್ತು ವರ್ಷವಾದರೂ ಅದು ಖರ್ಚಾಗಬೇಕಾದ ಕಾರಣವಿಲ್ಲ. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರುವ ಬಿಂದಿಗೆಯ ತೂತು ಮುಚ್ಚದೆ ನೀರು ತುಂಬುವವನನ್ನು ಏನೆನ್ನುತ್ತೀರಿ? ಆದುದರಿಂದ ಕೇಳಬೇಕಾದುದು ಇಷ್ಟು: “ಎಲ್ಲಿ ಸೋರುತ್ತಿದೆ, ತೋರಿಸು. ತೂತನ್ನು ಹೇಗೆ ಮುಚ್ಚುತ್ತೀಯೆ? ಎಷ್ಟು ಗ್ರಾಂ ಗ್ಯಾಸು ತುಂಬುತ್ತೀಯೆ?” ಯಾವ ಗ್ಯಾಸು, ಎಷ್ಟು ಗ್ರಾಂ ಎಂಬುದನ್ನು ಫ್ರಿಜ್ಜಿಗೆ ಅಂಟಿಸಿದ ಚೀಟಿಯಲ್ಲೇ ಅಚ್ಚು ಮಾಡಿರುತ್ತಾರೆ. ಕೆಲಸ ಬಲ್ಲವನು ಸೋರುವ ಜಾಗವನ್ನು ಹುಡುಕಿ, ಬೆಸೆದು, ಪಂಪಿನಿಂದ ಕೊಳವೆಯೊಳಗಿನ ಗಾಳಿಯನ್ನು ಎಳೆದುಹಾಕಿ, ಆಮೇಲೆ ತೂಕ ಮಾಡಿ ಗ್ಯಾಸು ತುಂಬುತ್ತಾನೆ. ಹತ್ತು ನಿಮಿಷದಲ್ಲಿ “ಆಯಿತಮ್ಮಾ” ಎಂದು ಎದ್ದುನಿಂತವನು ಇದಾವುದನ್ನೂ ಮಾಡಿಲ್ಲ. ಇನ್ನೊಂದು ಎಚ್ಚರ. ಇಂದಿನ ಅನೇಕ ಫ್ರಿಜ್ಜುಗಳಲ್ಲಿರುವ ಆರ್-600ಎ ಎಂಬ ಗ್ಯಾಸು ಅಡಿಗೆಯ ಅನಿಲದಂತೆಯೇ ಹೊತ್ತಿಕೊಳ್ಳುವ ಸ್ವಭಾವದ್ದು. ಅದರ ಕೆಲಸವನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಒಲೆ ದೀಪಗಳ ಹತ್ತಿರ ಮಾಡಿಸಕೂಡದು.

ಗ್ಯಾಸಿನ ಮಾತಿಗೆ ಮೊದಲು ನೀವೇ ನೋಡಬಹುದಾದುದೊಂದಿದೆ. ಒಂದು ಕಾಗದದ ಚೂರನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಬಾಗಿಲು ಹಾಕಿ, ಮೆಲ್ಲಗೆ ಎಳೆಯಿರಿ. ಸಡಿಲವಾಗಿ ಜಾರಿಬಂದರೆ ಬಾಗಿಲಂಚಿನ ರಬ್ಬರು ಹಿಡಿಯುತ್ತಿಲ್ಲ. ತಂಪು ನಿಲ್ಲದಿರಲು ಅದೇ ಕಾರಣವಿರಬಹುದು.

ನಾಲ್ಕನೆಯದು ನೀರಿನ ಪೆಟ್ಟಿಗೆ. ಇದು ರಿಪೇರಿಯ ಮೋಸವಲ್ಲ, ಮಾರಾಟದ ಚಮತ್ಕಾರ. ಆದರೂ ಇದೇ ಕುಟುಂಬಕ್ಕೆ ಸೇರಿದ್ದು. ಮಾರುವವನು ಮನೆಗೆ ಬಂದು ಎರಡು ಲೋಟ ಇಡುತ್ತಾನೆ. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನಿಳಿಸಿ ಕರೆಂಟು ಹಾಯಿಸುತ್ತಾನೆ. ನಲ್ಲಿಯ ನೀರು ಕಂದುಗಟ್ಟಿ ಕೆಸರಾಗುತ್ತದೆ. ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. “ನೋಡಿ ಸಾರ್, ಮಕ್ಕಳಿಗೆ ಇದನ್ನೇ ಕುಡಿಸುತ್ತಿದ್ದೀರಿ” ಎನ್ನುತ್ತಾನೆ. ಮನೆಯವರು ಹೌಹಾರುತ್ತಾರೆ. ನಿಜಸಂಗತಿ ಬೇರೆ. ಆ ಕೆಸರು ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ನಲ್ಲಿಯ ನೀರಿನಲ್ಲಿ ಕರಗಿದ ಲವಣಗಳಿರುವುದರಿಂದ ಅದರಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿ ಕರಗಿ ತುಕ್ಕಾಗುತ್ತದೆ. ಯಂತ್ರದ ನೀರಿನಲ್ಲಿ ಲವಣ ಕಡಮೆ, ಕರೆಂಟೂ ಕಡಮೆ, ತುಕ್ಕೂ ಕಡಮೆ. ಅವನ ‘ಶುದ್ಧ’ ನೀರಿಗೆ ನಿಮ್ಮ ಅಡಿಗೆಮನೆಯಿಂದ ಒಂದು ಚಿಟಿಕೆ ಉಪ್ಪು ಹಾಕಿ, ಈಗ ಮಾಡಿ ತೋರಿಸಪ್ಪಾ ಎನ್ನಿ. ಅದೂ ಕಂದಾಗುತ್ತದೆ. ಇನ್ನು ಟಿ.ಡಿ.ಎಸ್. ಮೀಟರು ತೋರಿಸುವುದು ನೀರಿನಲ್ಲಿ ಕರಗಿದ ಲವಣಾಂಶವನ್ನು ಮಾತ್ರ, ರೋಗಾಣುಗಳನ್ನಲ್ಲ. ಎಳನೀರಿಗೆ ಹಿಡಿದರೂ ಆ ಮೀಟರಿನ ಅಂಕಿ ಮೇಲೇರುತ್ತದೆ, ಎಳನೀರು ವಿಷವಾಯಿತೆ? ಕುಡಿಯುವ ನೀರಿಗೆ ಭಾರತೀಯ ಮಾನಕ ಐ.ಎಸ್. 10500 ಹೇಳುವ ಲವಣದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದ ಕಡೆ 2000ದವರೆಗೂ ಅದು ಒಪ್ಪುತ್ತದೆ. ನಿಮ್ಮ ನೀರು 500ರ ಒಳಗಿದ್ದರೆ ಲವಣ ತೆಗೆಯುವ ದುಬಾರಿ ಯಂತ್ರದ ಅಗತ್ಯವೇ ಬೀಳದಿರಬಹುದು. ರೋಗಾಣುಗಳಿಗೆ ಕುದಿಸುವುದೇ ಹಳೆಯ, ನಂಬಬಹುದಾದ ಮದ್ದು. ಗಡಸು ಬೋರ್‌ವೆಲ್ ನೀರಿನವರ ಮಾತು ಬೇರೆ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಅವರು ತೀರ್ಮಾನಿಸಲಿ.

ಇಷ್ಟು ಹೊತ್ತು ಹೇಳಿದುದೆಲ್ಲ ಹಣದ ನಷ್ಟ. ಇದಕ್ಕಿಂತ ದೊಡ್ಡದು ಜೀವದ ಮಾತು. ಇಸ್ತ್ರಿಪೆಟ್ಟಿಗೆ, ಗೀಸರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಇವುಗಳ ಪ್ಲಗ್ಗಿಗೆ ಮೂರು ಪಿನ್ನು. ಅವುಗಳಲ್ಲಿ ಮೇಲಿನದು ಉದ್ದ, ದಪ್ಪ. ಅದು ಅರ್ಥಿಂಗ್ ಪಿನ್ನು. ಪ್ಲಗ್ಗು ಹಾಕುವಾಗ ಮೊದಲು ತಾಗಲಿ, ತೆಗೆಯುವಾಗ ಕೊನೆಗೆ ಬಿಡಲಿ ಎಂದೇ ಅದನ್ನು ಉದ್ದ ಮಾಡಿರುವುದು. ಒಳಗೆ ತಂತಿ ಸವೆದು ಕರೆಂಟು ಲೋಹದ ಮೈಗೆ ಹತ್ತಿದರೆ ಆ ದಾರಿಯಾಗಿ ಅದು ಭೂಮಿಗೆ ಇಳಿದುಹೋಗುತ್ತದೆ. ಕಾಸು ಉಳಿಸುವ ರಿಪೇರಿಯವನು ಮೂರು ತಂತಿಯ ವೈರಿನ ಜಾಗದಲ್ಲಿ ಎರಡು ತಂತಿಯದನ್ನು ಹಾಕಿ, ಪ್ಲಗ್ಗನ್ನು ಮಾತ್ರ ಮೂರು ಪಿನ್ನಿನದೇ ಬಿಡುತ್ತಾನೆ. ಯಂತ್ರ ಸೊಗಸಾಗಿ ಓಡುತ್ತದೆ. ಎಂದೋ ಒಂದು ದಿನ ಒದ್ದೆ ಕೈ ತಾಗಿದಾಗ ಭೂಮಿಗೆ ಇಳಿಯುವ ದಾರಿ ಆ ಕೈಯ ಮನುಷ್ಯನೇ ಆಗುತ್ತಾನೆ. ವೈರು ಬದಲಿಸಿದಾಗಲೆಲ್ಲ, “ಮೂರು ತಂತಿ ಇದೆಯೆ? ಹಸಿರು ತಂತಿಯನ್ನು ಮೈಗೆ ಜೋಡಿಸಿದ್ದೀಯಾ?” ಎಂದು ಕೇಳಲೇಬೇಕು. ರಿಪೇರಿಯಾಗಿ ಬಂದ ಯಂತ್ರವನ್ನು ಮುಟ್ಟಿದರೆ ಜುಮ್ಮೆಂದಿತೋ, ಅದನ್ನು ಆ ಕ್ಷಣವೇ ಬದಿಗಿಡಿ. ಮನೆಯ ಮೀಟರು ಹಲಗೆಯಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ರಕ್ಷಣಾ ಸ್ವಿಚ್ಚನ್ನು ಹಾಕಿಸಿಕೊಳ್ಳುವುದು ಒಂದು ಸಾರಿಯ ವೆಚ್ಚ, ಬಹುಕಾಲದ ನೆಮ್ಮದಿ.

ಈಗಿನ ಕಾಲದ ಹೊಸ ಬಗೆಯ ಕಳ್ಳತನವೊಂದನ್ನೂ ಹೇಳಬೇಕು. ಕಂಪೆನಿಯ ಸೇವಾ ಕೇಂದ್ರದ ನಂಬರು ಬೇಕೆಂದು ನಾವು ಮೊಬೈಲಿನಲ್ಲಿ ಹುಡುಕುತ್ತೇವೆ. ಅಲ್ಲಿ ವಂಚಕರು ತಮ್ಮ ನಂಬರನ್ನೇ ಕಂಪೆನಿಯ ಹೆಸರಿನಲ್ಲಿ ಹಾಕಿರುವುದುಂಟು. ಆ ಕಡೆಯವನು ಬಹು ವಿನಯದಿಂದ, “ಹತ್ತು ರೂಪಾಯಿ ಕಟ್ಟಿ ಹೆಸರು ನೊಂದಾಯಿಸಿ, ಈ ಆ್ಯಪ್ ಹಾಕಿಕೊಳ್ಳಿ” ಎನ್ನುತ್ತಾನೆ. ಆ ಆ್ಯಪಿನಿಂದ ನಿಮ್ಮ ಫೋನಿನ ಪರದೆ ಅವನಿಗೆ ಕಾಣತೊಡಗುತ್ತದೆ. ಬ್ಯಾಂಕಿನ ಹಣ ಕರಗತೊಡಗುತ್ತದೆ. ನಂಬರನ್ನು ಯಂತ್ರದ ಜೊತೆ ಬಂದ ಕೈಪಿಡಿಯಿಂದ, ಬಿಲ್ಲಿನಿಂದ, ಇಲ್ಲವೆ ಯಂತ್ರದ ಮೈಮೇಲಿನ ಚೀಟಿಯಿಂದಲೇ ತೆಗೆದುಕೊಳ್ಳಿ. ಹಣ ಪಡೆಯುವುದಕ್ಕೆ ಎಂದೂ ಯು.ಪಿ.ಐ. ಪಿನ್ನು ಒತ್ತಬೇಕಾಗಿಲ್ಲ, ಒತ್ತು ಎಂದವನು ಕಳ್ಳ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ. ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಇಷ್ಟೆಲ್ಲ ಕೇಳಿ, ರಿಪೇರಿಯವರೆಲ್ಲರೂ ಮೋಸಗಾರರೆಂದು ನೀವು ತೀರ್ಮಾನಿಸಿದರೆ ಅದು ನನ್ನ ಮಾತಿಗೆ ಬಗೆದ ಅನ್ಯಾಯ. ಈ ಪ್ರಶ್ನೆಗೆ ಇನ್ನೊಂದು ಮುಖವಿದೆ, ಅದು ನಮ್ಮದು. ಒಬ್ಬ ಕೆಲಸಗಾರ ಪಟ್ಟಣದ ಆ ತುದಿಯಿಂದ ಬಿಸಿಲಿನಲ್ಲಿ ಬರುತ್ತಾನೆ. ಮಿಕ್ಸಿಯನ್ನು ತಿರುಗಿಸಿ ನೋಡಿ ಕೆಂಪು ಗುಂಡಿಯನ್ನು ಒತ್ತುತ್ತಾನೆ. “ಏನೂ ಆಗಿಲ್ಲಮ್ಮಾ, ಇನ್ನೂರು ರೂಪಾಯಿ ಕೊಡಿ” ಎನ್ನುತ್ತಾನೆ. ನಮಗೆ ಕೋಪ ಬರುತ್ತದೆ. “ಗುಂಡಿ ಒತ್ತಿದ್ದಕ್ಕೆ ಇನ್ನೂರು ರೂಪಾಯಿಯೆ?” ಎನ್ನುತ್ತೇವೆ, ಐವತ್ತು ಕೊಟ್ಟು ಸಾಗಹಾಕುತ್ತೇವೆ. ಅದೇ ಮನುಷ್ಯ, “ಮೋಟಾರು ಹೋಗಿದೆ, ಹೊಸದು ಹಾಕಿದೆ, ಸಾವಿರದ ಐನೂರು” ಎಂದರೆ ಮರುಮಾತಿಲ್ಲದೆ ಎಣಿಸಿ ಕೊಡುತ್ತೇವೆ. ಸಾಮಾನಿಗೆ ಹಣ ಕೊಡಲು ನಾವು ಸಿದ್ಧ, ತಿಳಿವಳಿಕೆಗೆ ಕೊಡಲು ಸಿದ್ಧರಿಲ್ಲ. ವೈದ್ಯರು ನಾಡಿ ನೋಡಿ, ಚಿಂತೆಯಿಲ್ಲ ಹೋಗಿ ಎಂದರೆ ಫೀಸು ಕೊಟ್ಟು ಸಂತೋಷದಿಂದ ಮನೆಗೆ ಬರುತ್ತೇವಲ್ಲವೆ? ನಿಜ ಹೇಳಿದವನಿಗೆ ಐವತ್ತು, ಸುಳ್ಳು ಹೇಳಿದವನಿಗೆ ಸಾವಿರದ ಐನೂರು ಎಂಬ ಧಾರಣೆಯನ್ನು ಕಟ್ಟಿದವರು ನಾವೇ. ಆ ಧಾರಣೆ ಇರುವ ತನಕ ಪ್ರಾಮಾಣಿಕನು ಈ ಕಸುಬಿನಲ್ಲಿ ಹೆಚ್ಚು ಕಾಲ ಉಳಿಯಲಾರ. ಕೂಲಿಯನ್ನು ಕೂಲಿಯೆಂದೇ ಕೊಟ್ಟರೆ ಅದನ್ನು ಸಾಮಾನಿನ ಬೆಲೆಯೊಳಗೆ ಬಚ್ಚಿಡುವ ಅಗತ್ಯ ಅವನಿಗೆ ಬೀಳುವುದಿಲ್ಲ.

ಆದುದರಿಂದ ವ್ಯವಹಾರವನ್ನು ಹೀಗೆ ಇಟ್ಟುಕೊಳ್ಳಿ. ಬರುವ ಮೊದಲೇ, ನೋಡುವುದಕ್ಕೆ ಎಷ್ಟು ಎಂದು ಕೇಳಿ. ದೋಷವಿರಲಿ ಇಲ್ಲದಿರಲಿ, ಅಷ್ಟನ್ನು ಮನಸ್ಸಿನಲ್ಲಿಯೇ ಕೊಟ್ಟುಬಿಡಿ. ನೋಡಿದ ಮೇಲೆ ಬೆಲೆ ಕೇಳುವುದಕ್ಕೆ ಮುಂಚೆ ದೋಷದ ಹೆಸರು ಕೇಳಿ. ಯಾವ ಭಾಗ ಹೋಗಿದೆ, ಅದು ಹೋದದ್ದು ನಿನಗೆ ಹೇಗೆ ತಿಳಿಯಿತು? ಕೆಲಸ ಬಲ್ಲವನು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಉತ್ಸಾಹದಿಂದ ವಿವರಿಸುತ್ತಾನೆ. ಸಾಮಾನಿಗೆ ಎಷ್ಟು, ಕೂಲಿ ಎಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿ. ತೆಗೆದುಹಾಕಿದ ಹಳೆಯ ಭಾಗವನ್ನು ಮನೆಯಲ್ಲಿ ಬಿಟ್ಟುಹೋಗಲು ಹೇಳಿ. ಈ ಒಂದು ಮಾತನ್ನು ಮೊದಲೇ ಆಡಿದರೆ ಎಷ್ಟೋ ಭಾಗಗಳು ಕೆಡುವುದೇ ಇಲ್ಲ. ಯಂತ್ರವನ್ನು ಅಂಗಡಿಗೆ ಕಳಿಸುವುದಾದರೆ ಅದರ ನಂಬರನ್ನು ಬರೆದಿಟ್ಟುಕೊಂಡು, ರಸೀತಿ ಪಡೆದು ಕಳಿಸಿ. ಬಂದ ಮೇಲೆ ಎದುರಿನಲ್ಲೇ ಓಡಿಸಿ ನೋಡಿ ಹಣ ಕೊಡಿ. ವರ್ಷದ ಕರಾರು ಮಾಡಿಕೊಳ್ಳುವಾಗ, ಸಾಮಾನೂ ಸೇರಿದೆಯೋ ಬರಿಯ ಕೂಲಿ ಮಾತ್ರವೋ ಎಂಬ ಸಾಲನ್ನು ಹುಡುಕಿ ಓದಿ. ಸಾಮಾನ್ಯವಾಗಿ ಅದು ಕಾಗದದ ಅತಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಮನೆಯ ಬಿಲ್ಲುಗಳು, ಗ್ಯಾರಂಟಿ ಚೀಟಿಗಳು, ಕೈಪಿಡಿಗಳು ಎಲ್ಲಕ್ಕೂ ಒಂದು ಡಬ್ಬಿ ಇರಲಿ. ಹೊಸ ಸಾಮಾನು ಕೊಳ್ಳುವಾಗ ಐ.ಎಸ್.ಐ. ಗುರುತಿನ ಕೆಳಗಿರುವ ಲೈಸೆನ್ಸ್ ನಂಬರನ್ನು ಮಾನಕ ಸಂಸ್ಥೆಯ ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಗುರುತು ನಿಜವೋ ನಕಲಿಯೋ ತಿಳಿಯುತ್ತದೆ.

ಇಷ್ಟಾದರೂ ಅನ್ಯಾಯವಾದರೆ ಕಾನೂನಿನ ಆಸರೆ ಇದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಮಾರಿದ ಸಾಮಾನಿಗೆ ಅಥವಾ ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದೇ ಒಂದು ಅನುಚಿತ ವ್ಯಾಪಾರ ಪದ್ಧತಿ. ಆದುದರಿಂದ ಬಿಲ್ಲು ಕೇಳಲು ಸಂಕೋಚ ಬೇಡ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನು ಮಾಡಿ ದೂರು ಕೊಡಬಹುದು. ಎಷ್ಟೋ ದೂರುಗಳು ಅಲ್ಲೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಕಂಪೆನಿ ಮುಂಬಯಿಯಲ್ಲಿರಲಿ ದಿಲ್ಲಿಯಲ್ಲಿರಲಿ, ನೀವಿರುವ ಊರಿನ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಆದರೆ ಅಲ್ಲಿ ಮಾತನಾಡುವುದು ಕಾಗದ. ಬಿಲ್ಲು ಇಲ್ಲದವನ ಬಾಯಿಗೆ ಬಲವಿಲ್ಲ. ಬಿಡಿಭಾಗಗಳನ್ನೂ ರಿಪೇರಿಯ ವಿವರಗಳನ್ನೂ ಕಂಪೆನಿಗಳು ಬಚ್ಚಿಡಬಾರದೆಂಬ ‘ರಿಪೇರಿ ಹಕ್ಕಿ’ನ ಮಾತೂ ನಮ್ಮಲ್ಲಿ ಹುಟ್ಟಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದಕ್ಕೆಂದೇ ಒಂದು ಜಾಲತಾಣವನ್ನು ತೆರೆಯಿತು.

ಸರಿಮಾಡಬಹುದಾದ ವಸ್ತುವನ್ನು ಎಸೆಯದಿರುವುದು ನಮ್ಮ ಮನೆಗಳ ಹಳೆಯ ಗುಣ. ಹರಿದ ಸೀರೆ ಕೌದಿಯಾಯಿತು, ಒಡೆದ ಕೊಡ ತುಳಸಿಗೆ ಕುಂಡವಾಯಿತು. ರಿಪೇರಿಯಲ್ಲಿ ಪದೇ ಪದೇ ಮೋಸಹೋದವನು ಆ ಗುಣವನ್ನೇ ಬಿಟ್ಟು, ಹಾಳಾಗಲಿ ಹೊಸದೇ ತರೋಣ ಎನ್ನುತ್ತಾನೆ. ಅವನ ಹಣವೂ ಹೋಗುತ್ತದೆ, ಊರಿನ ಕಸವೂ ಬೆಳೆಯುತ್ತದೆ, ನಾಲ್ಕು ಬೀದಿಯಾಚೆ ಸಣ್ಣ ಅಂಗಡಿ ಇಟ್ಟುಕೊಂಡ ಒಳ್ಳೆಯ ಕೆಲಸಗಾರನ ಅನ್ನವೂ ಹೋಗುತ್ತದೆ. ಅಂಥವನೊಬ್ಬ ನಿಮ್ಮ ಪಟ್ಟಣದಲ್ಲಿ ಖಂಡಿತ ಇದ್ದಾನೆ. ಅವನನ್ನು ಹುಡುಕಿ, ಅವನ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ, ನೆರೆಮನೆಯವರಿಗೂ ಅವನ ಅಂಗಡಿಯ ದಾರಿ ಹೇಳಿ.